ಏಳು ತಿಂಗಳು ಮರೆತ ಸ್ನ್ಯಾಪ್‌ಶಾಟ್: ಒಂದು ಪ್ರಕರಣ ಅಧ್ಯಯನ

ಸಂಸ್ಥೆಯ ಹೆಸರು, ಅಲ್ಲಿನ ಜನರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಅಂಕಿಗಳನ್ನೂ ಅಷ್ಟಿಷ್ಟು ಬದಲಿಸಿದ್ದೇನೆ. ಯಾವುದಾದ ಮೇಲೆ ಯಾವುದಾಯಿತು ಎಂಬುದು ಮಾತ್ರ ನಡೆದ ಹಾಗೇ ಇದೆ. ಕಲಿಯುವುದಿದ್ದರೆ ಅದರಲ್ಲೇ ಇದೆ.

ಹಿನ್ನೆಲೆ

ಸರಕು ವಿತರಣೆ ಮಾಡುವ ಮಧ್ಯಮ ಗಾತ್ರದ ಸಂಸ್ಥೆ. ವಿಎಂವೇರ್ (ಒಂದು ಯಂತ್ರದ ಮೇಲೆ ಹಲವು ಕಂಪ್ಯೂಟರ್‌ಗಳನ್ನು ಓಡಿಸುವ ಸಾಫ್ಟ್‌ವೇರ್) ಓಡುವ ಮೂರು ಹೋಸ್ಟ್‌ಗಳು, ಅಂದರೆ ಯಂತ್ರಗಳು. ಮೂರಕ್ಕೂ ಸೇರಿ 8 ಟಿಬಿಯ ಒಂದೇ ಸ್ಟೋರೇಜ್, ಅದರ ಮೇಲೆ ಒಂದೇ ಡೇಟಾಸ್ಟೋರ್, ಅಂದರೆ ಎಲ್ಲ ಫೈಲ್‌ಗಳೂ ಕೂರುವ ಜಾಗ. ಒಟ್ಟು 22 ವಿಎಂಗಳು, ಅಂದರೆ ಹೋಸ್ಟ್‌ಗಳ ಮೇಲೆ ಓಡುವ ವರ್ಚುವಲ್ ಕಂಪ್ಯೂಟರ್‌ಗಳು. ಅವುಗಳಲ್ಲಿ ನಿಜಕ್ಕೂ ಜೀವ ಇರುವುದು ಒಂದರಲ್ಲಿ: ಆರ್ಡರ್, ದಾಸ್ತಾನು, ಲೆಕ್ಕಪತ್ರ ಮೂರನ್ನೂ ಹೊತ್ತ ಎಸ್‌ಕ್ಯುಎಲ್ ಸರ್ವರ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್) ವಿಎಂ. ಅದಕ್ಕೆ ಮೂರು ಡಿಸ್ಕ್. ಸಿ ಡ್ರೈವ್‌ನಲ್ಲಿ ವಿಂಡೋಸ್, ಡಿ ಡ್ರೈವ್‌ನಲ್ಲಿ ಡೇಟಾ, ಇ ಡ್ರೈವ್‌ನಲ್ಲಿ ಡೇಟಾಬೇಸ್‌ನ ಲಾಗ್. ಮೂರೂ ಥಿನ್ ಡಿಸ್ಕ್‌ಗಳು, ಅಂದರೆ ಬರೆದಷ್ಟೇ ಜಾಗ ಹಿಡಿಯುವಂಥವು.

ಪ್ರತಿ ರಾತ್ರಿ ಎಲ್ಲ ವಿಎಂಗಳ ಬ್ಯಾಕಪ್ ಒಂದು ನ್ಯಾಸ್ ಪೆಟ್ಟಿಗೆಗೆ (ನೆಟ್‌ವರ್ಕ್‌ಗೆ ಜೋಡಿಸಿದ ಪ್ರತ್ಯೇಕ ಸ್ಟೋರೇಜ್) ಹೋಗುತ್ತಿತ್ತು. ಬೆಳಗ್ಗೆ ವರದಿ ಮೇಲ್‌ನಲ್ಲಿ ಬರುತ್ತಿತ್ತು. ಎಲ್ಲ ಸಾಲಿನಲ್ಲೂ ಹಸಿರು ಟಿಕ್.

ಅಲ್ಲಿ ಐಟಿ ನೋಡಿಕೊಳ್ಳುವವರು ಒಬ್ಬರೇ ಅಡ್ಮಿನ್. ಮೂರು ತಿಂಗಳಿಗೊಮ್ಮೆ ಹೊರಗಿನಿಂದ ಬಂದು ಪರಿಶೀಲನೆ ಮಾಡುವವನು ನಾನು. ಈ ಘಟನೆಗೆ ಆರು ವಾರ ಮುಂಚೆ ಬಂದಿದ್ದೆ. ವರದಿಯ ಹಸಿರು ಟಿಕ್‌ಗಳನ್ನು ನೋಡಿ 'ಬ್ಯಾಕಪ್ ಸರಿಯಾಗಿದೆ' ಅಂತ ಬರೆದು ಸಹಿ ಹಾಕಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬೇರೆಯವರ ತಪ್ಪುಗಳ ಬಗ್ಗೆ ಓದುವಾಗ ಇದೂ ನೆನಪಿರಲಿ.

ಶುಕ್ರವಾರ ಸಂಜೆ

ಸಂಜೆ 5:20ಕ್ಕೆ ಆರ್ಡರ್ ಹಾಕುವ ಪರದೆ ಎಲ್ಲ ಕಡೆ ನಿಂತುಹೋಯಿತು. ಹಿಂದೆಯೇ ಫೈಲ್ ಸರ್ವರ್ ನಿಂತಿತು, ಇನ್ನೂ ಏಳೆಂಟು ವಿಎಂಗಳು ನಿಂತವು. ಅಡ್ಮಿನ್ ನೋಡಿದರೆ ಎಲ್ಲದರ ಮೇಲೂ ಒಂದೇ ಪ್ರಶ್ನೆ: ಡಿಸ್ಕ್‌ಗೆ ಜಾಗ ಇಲ್ಲ, ಜಾಗ ಮಾಡಿ 'ರಿಟ್ರೈ' ಒತ್ತಿ, ಬೇಡವಾದರೆ 'ಕ್ಯಾನ್ಸಲ್' ಒತ್ತಿ. ಅವರು ರಿಟ್ರೈ ಒತ್ತಿದರು. ಒಂದು ಕ್ಷಣ ಓಡಿ ಮತ್ತೆ ನಿಂತಿತು. ಪುಣ್ಯಕ್ಕೆ ಕ್ಯಾನ್ಸಲ್ ಒತ್ತಲಿಲ್ಲ. ಅದನ್ನು ಒತ್ತಿದ್ದರೆ ವಿಎಂಗೆ ಕರೆಂಟ್ ಕಿತ್ತ ಹಾಗೇ ಆಗುತ್ತಿತ್ತು.

ಡೇಟಾಸ್ಟೋರ್‌ನಲ್ಲಿ ಒಂದು ಎಂಬಿ ಜಾಗವೂ ಇರಲಿಲ್ಲ. ಮಧ್ಯಾಹ್ನ ಯಾರೋ ಫೈಲ್ ಸರ್ವರ್‌ಗೆ 200 ಜಿಬಿಯಷ್ಟು ಹಳೆಯ ವೀಡಿಯೊ ಹಾಕಿದ್ದರು. ಮೊದಲು ಎಲ್ಲರ ಕಣ್ಣು ಬಿದ್ದದ್ದು ಆ ಬಡಪಾಯಿಯ ಮೇಲೆ. ಆದರೆ 8 ಟಿಬಿ ಸ್ಟೋರೇಜ್ 200 ಜಿಬಿಗೆ ಉಸಿರುಗಟ್ಟುತ್ತದೆ ಅಂದರೆ ಅದು ಮೊದಲೇ ಕತ್ತಿನವರೆಗೆ ತುಂಬಿತ್ತು ಅಂತ ಅರ್ಥ, ಅಲ್ವಾ?

ಅಡ್ಮಿನ್ ಡೇಟಾಸ್ಟೋರ್‌ನ ಫೋಲ್ಡರ್‌ಗಳನ್ನು ತೆರೆದು ನೋಡಿದರು. ಡೇಟಾಬೇಸ್ ವಿಎಂನ ಫೋಲ್ಡರ್‌ನಲ್ಲಿ ಡೆಲ್ಟಾ ಫೈಲ್‌ಗಳೇ (ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಬರೆದದ್ದೆಲ್ಲ ಕೂರುವ ಫೈಲ್‌ಗಳು) 620 ಜಿಬಿ. ಸ್ನ್ಯಾಪ್‌ಶಾಟ್ ಅಂದರೆ ವಿಎಂ ಒಂದು ಕ್ಷಣದಲ್ಲಿ ಹೇಗಿತ್ತೋ ಅಲ್ಲಿಗೆ ವಾಪಸ್ ಹೋಗಲು ಇಟ್ಟ ಗುರುತು. ಅವುಗಳ ಪಟ್ಟಿಯಲ್ಲಿ ಒಂದು ಹೆಸರು: 'ಅಪ್‌ಗ್ರೇಡ್‌ಗೆ ಮುಂಚೆ'. ತಾರೀಖು ಏಳು ತಿಂಗಳು ಹಿಂದಿನದು.

ಒಂದು ಬಟನ್ ದೂರದಲ್ಲಿ

ಏಳು ತಿಂಗಳ ಹಿಂದೆ ಸಾಫ್ಟ್‌ವೇರ್ ಹೊಸ ಆವೃತ್ತಿಗೆ ಬದಲಾಗಿತ್ತು. ಕೆಲಸ ಕೆಟ್ಟರೆ ವಾಪಸ್ ಹೋಗಲು ಇರಲಿ ಅಂತ ವೆಂಡರ್ (ಸಾಫ್ಟ್‌ವೇರ್ ಕೊಟ್ಟ ಕಂಪನಿ) ಕಡೆಯ ಎಂಜಿನಿಯರ್ ಸ್ನ್ಯಾಪ್‌ಶಾಟ್ ತೆಗೆಸಿದ್ದರು. ಅದು ಸರಿಯಾದ ಕೆಲಸವೇ. ಅಪ್‌ಗ್ರೇಡ್ ಚೆನ್ನಾಗಿ ಮುಗಿಯಿತು, ಎಲ್ಲರೂ ಮನೆಗೆ ಹೋದರು. ಸ್ನ್ಯಾಪ್‌ಶಾಟ್ ಅಲ್ಲೇ ಉಳಿಯಿತು.

ಈಗ ಅಡ್ಮಿನ್ ಅದೇ ಎಂಜಿನಿಯರ್‌ಗೆ ಫೋನ್ ಮಾಡಿದರು. ಅವರು ಇನ್ನೇನೋ ಕೆಲಸದ ನಡುವೆ, "ಸ್ನ್ಯಾಪ್‌ಶಾಟ್‌ಗೆ ರಿವರ್ಟ್ ಮಾಡಿ ಸರ್, ಜಾಗ ತಾನಾಗೇ ಬರುತ್ತೆ" ಅಂದುಬಿಟ್ಟರು. ಆಮೇಲೆ ಅಡ್ಮಿನ್ ನನಗೆ ಫೋನ್ ಮಾಡಿದರು. ಆಗ ಸಮಯ 5:50.

"ಸರ್, ರಿವರ್ಟ್ ಮಾಡ್ತಾ ಇದ್ದೀನಿ. ಡಿಲೀಟ್ ಅಂತಲೂ ಇದೆ, ಆದ್ರೆ ಅದು ರಿಸ್ಕ್ ಅಲ್ವಾ, ಡೇಟಾ ಹೋಗುತ್ತೆ."

"ಮೌಸ್‌ನಿಂದ ಕೈ ತೆಗೀರಿ" ಅಂದೆ. ಸ್ವಲ್ಪ ಜೋರಾಗೇ ಅಂದೆ ಅನಿಸುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಗೊಂದಲ ಅವರೊಬ್ಬರದಲ್ಲ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಮೂಲ ಡಿಸ್ಕ್ ಫೈಲ್‌ಗೆ ಬರೆಯುವುದು ನಿಲ್ಲುತ್ತದೆ. ಆಮೇಲೆ ಬರೆದದ್ದೆಲ್ಲ ಪಕ್ಕದ ಡೆಲ್ಟಾ ಫೈಲ್‌ಗೆ ಹೋಗುತ್ತದೆ. ವಿಎಂ ಎರಡನ್ನೂ ಸೇರಿಸಿ ಓದುತ್ತಾ ಓಡುತ್ತದೆ. 'ಡಿಲೀಟ್' ಅಂದರೆ ಆ ಗುರುತನ್ನು ಅಳಿಸಿ, ಡೆಲ್ಟಾದಲ್ಲಿರುವುದನ್ನು ಮೂಲ ಡಿಸ್ಕ್‌ಗೆ ಬೆರೆಸು ಅಂತ. ಇವತ್ತಿನ ಡೇಟಾ ಉಳಿಯುತ್ತದೆ. 'ರಿವರ್ಟ್' ಅಂದರೆ ಡೆಲ್ಟಾದಲ್ಲಿರುವುದನ್ನು ಬಿಸಾಡು, ಆ ದಿನಕ್ಕೆ ವಾಪಸ್ ಹೋಗು ಅಂತ. ಹೆಸರು ಕೇಳಿದರೆ ಡಿಲೀಟ್ ಭಯಾನಕ, ರಿವರ್ಟ್ ಸಾಧು. ನಿಜ ಅದಕ್ಕೆ ಪೂರ್ತಿ ಉಲ್ಟಾ.

ವೆಂಡರ್ ಎಂಜಿನಿಯರ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ರಿವರ್ಟ್ ಮಾಡಿದ್ದರೆ 620 ಜಿಬಿ ಕೂಡಲೇ ಸಿಗುತ್ತಿತ್ತು. ಜೊತೆಗೆ ಏಳು ತಿಂಗಳ ಆರ್ಡರ್, ಬಿಲ್, ದಾಸ್ತಾನು ಎಲ್ಲ ಹೋಗುತ್ತಿತ್ತು. ಅದನ್ನು ವಾಪಸ್ ತರಲು ಆಗ ಯಾವ ದಾರಿಯೂ ಇರಲಿಲ್ಲ ಎಂಬುದು ನಮಗೆ ಗೊತ್ತಾಗಿದ್ದು ಮೂರು ಗಂಟೆ ಆದ ಮೇಲೆ.

ಜಾಗ ಮಾಡುವುದು

ಹಾಗಾದರೆ ಸೀದಾ ಡಿಲೀಟ್ ಮಾಡಿದರೆ ಆಯಿತಲ್ಲ? ಅದೂ ಆಗುವುದಿಲ್ಲ. ಥಿನ್ ಡಿಸ್ಕ್‌ನ ಪೇಚು ಇಲ್ಲಿದೆ. ಇ ಡ್ರೈವ್‌ನ ಮೂಲ ಫೈಲ್ ಏಳು ತಿಂಗಳ ಹಿಂದೆ ಹತ್ತೇ ಜಿಬಿ ಇತ್ತು. ಅದರ ಡೆಲ್ಟಾ ಈಗ 380 ಜಿಬಿ. ಬೆರೆಸುವಾಗ ಮೂಲ ಫೈಲ್ ಅಷ್ಟಕ್ಕೂ ಬೆಳೆಯಬೇಕು, ಆಮೇಲಷ್ಟೇ ಡೆಲ್ಟಾ ಅಳಿಯುತ್ತದೆ. ಅಂದರೆ ಜಾಗ ಸಿಗಬೇಕಾದರೆ ಮೊದಲು ಜಾಗ ಬೇಕು. ಡಿ ಡ್ರೈವ್‌ನದ್ದನ್ನೂ ಸೇರಿಸಿ 500 ಜಿಬಿಯಾದರೂ ಖಾಲಿ ಇಲ್ಲದೆ ಡಿಲೀಟ್ ಮುಟ್ಟಬಾರದು ಅಂತ ತೀರ್ಮಾನಿಸಿದೆವು.

ಮೊದಲ ಜಾಗ ಸಿಕ್ಕಿದ್ದು ಸ್ವಾಪ್ ಫೈಲ್‌ಗಳಿಂದ, ಅಂದರೆ ಮೆಮೊರಿ ಸಾಲದಾದಾಗ ಬಳಸಲು ಇಟ್ಟ ಫೈಲ್‌ಗಳಿಂದ. ಇದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಓಡುತ್ತಿರುವ ಪ್ರತಿ ವಿಎಂಗೂ ಅದರ ಮೆಮೊರಿಯಷ್ಟೇ ದೊಡ್ಡ ಸ್ವಾಪ್ ಫೈಲ್ ಡೇಟಾಸ್ಟೋರ್‌ನಲ್ಲಿ ಇರುತ್ತದೆ, ಮೆಮೊರಿಯನ್ನು ಕಾಯ್ದಿರಿಸಿದ್ದರೆ ಮಾತ್ರ ಅಷ್ಟು ಕಡಿಮೆ. ವಿಎಂ ಆಫ್ ಮಾಡಿದರೆ ಆ ಫೈಲ್ ಮಾಯ. ಶುಕ್ರವಾರ ಸಂಜೆ ಯಾರಿಗೂ ಬೇಡದ ನಾಲ್ಕು ವಿಎಂಗಳನ್ನು ಆಫ್ ಮಾಡಿದೆವು: 16 ಜಿಬಿಯವು ಮೂರು, 32 ಜಿಬಿಯದು ಒಂದು. 80 ಜಿಬಿ ಬಂತು. ಹಳೆಯ ಐಎಸ್ಒ ಫೈಲ್‌ಗಳು (ಇನ್‌ಸ್ಟಾಲ್ ಡಿಸ್ಕ್‌ಗಳ ಪ್ರತಿಗಳು), ಯಾರೋ ಯಾವತ್ತೋ ಮಾಡಿಟ್ಟ ಪರೀಕ್ಷೆಯ ವಿಎಂ ಒಂದು ಸೇರಿ ಇನ್ನೊಂದು 60.

6:50ಕ್ಕೆ ರಿಟ್ರೈ ಒತ್ತಿದೆವು. ನಿಂತಿದ್ದ ವಿಎಂಗಳು ಒಂದೊಂದಾಗಿ ಎದ್ದವು. ಮೊದಲು ಎಬ್ಬಿಸಿದ್ದು ಬ್ಯಾಕಪ್ ಸರ್ವರ್. ಹೌದು, ಅದೂ ಇದೇ ಡೇಟಾಸ್ಟೋರ್ ಮೇಲಿದ್ದ ವಿಎಂ, ಅದೂ ನಿಂತುಹೋಗಿತ್ತು. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಮ್ಯಾನೇಜರ್‌ಗೆ ಈಗ ಸಮಾಧಾನ. "ಓಡ್ತಾ ಇದೆಯಲ್ಲ, ಮಿಕ್ಕಿದ್ದು ಸೋಮವಾರ ನೋಡೋಣ" ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಶನಿವಾರ ಬೆಳಗ್ಗೆ ಆರೂವರೆಗೆ ಲಾರಿಗಳು ಹೊರಡಬೇಕು. ಆದರೆ ಉಳಿದ 140 ಜಿಬಿಯಲ್ಲೇ ಆ ರಾತ್ರಿಯ ಬ್ಯಾಕಪ್ ಎಲ್ಲ ವಿಎಂಗಳ ಮೇಲೂ ತನ್ನದೊಂದು ಸ್ನ್ಯಾಪ್‌ಶಾಟ್ ತೆಗೆಯುತ್ತದೆ. ನಡುರಾತ್ರಿ ಮತ್ತೆ ನಿಂತರೆ? ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ: ಆರು ಗಂಟೆಗೆ ಸಿಸ್ಟಮ್ ಕೈಗೆ ಬರಬೇಕು. ಅಲ್ಲಿಯವರೆಗೆ ಬರುವ ಆರ್ಡರ್‌ಗಳನ್ನು ಕಾಗದದ ಮೇಲೆ ಬರೆಯುತ್ತಾರೆ.

7 ಗಂಟೆಗೆ ಎರಡು ಕೆಲಸ ಒಟ್ಟಿಗೆ ಶುರುವಾದವು. 700 ಜಿಬಿಯ ಹಳೆ ದಾಖಲೆಗಳ ವಿಎಂ ಅನ್ನು ಆಫ್ ಮಾಡಿ ಬೇರೆ ಸ್ಟೋರೇಜ್‌ಗೆ ಸಾಗಿಸುವುದು ಒಂದು. ಒಂದು ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 110 ಎಂಬಿ ಹೋಗುತ್ತದೆ. 700 ಜಿಬಿಗೆ ಎರಡು ಗಂಟೆ ಅಂತ ಲೆಕ್ಕ ಹಾಕಿಕೊಂಡೆವು. ಇನ್ನೊಂದು, ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಡೇಟಾಬೇಸ್ ವಿಎಂ ಅನ್ನು ಮೂರನೇ ಹೋಸ್ಟ್‌ನ ಒಳಗಿನ ಡಿಸ್ಕ್‌ಗೆ ರಿಸ್ಟೋರ್ ಮಾಡುವುದು.

ಎರಡನೆಯದು ಯಾಕೆ ಅಂತ ಅಡ್ಮಿನ್ ಕೇಳಿದರು. "ಬ್ಯಾಕಪ್ ಇದೆಯಲ್ಲ ಸರ್, ಇವತ್ತು ಬೆಳಗ್ಗೆಯೂ ಹಸಿರು ಇತ್ತು." ಡಿಲೀಟ್ ನಡುವೆ ಏನಾದರೂ ಕೆಟ್ಟರೆ ಆ ಬ್ಯಾಕಪ್ಪೇ ಗತಿ, ಅದು ಏಳುತ್ತದೋ ಇಲ್ಲವೋ ಕಣ್ಣಾರೆ ನೋಡಿಬಿಡೋಣ ಅಂದೆ. ನಿಜ ಹೇಳಬೇಕೆಂದರೆ ನನಗೂ ಅನುಮಾನವೇನೂ ಇರಲಿಲ್ಲ. ಸುಮ್ನೆ ಕಾಯುವ ಹೊತ್ತಿನಲ್ಲಿ ಒಂದು ಕೆಲಸ ಆಗಲಿ ಅಂತ ಅಷ್ಟೇ.

ಹಸಿರು ಟಿಕ್‌ನ ಒಳಗೆ

8:40ಕ್ಕೆ ರಿಸ್ಟೋರ್ ಆದ ವಿಎಂ ಎದ್ದಿತು. ನೆಟ್‌ವರ್ಕ್ ಕಿತ್ತಿಟ್ಟಿದ್ದೆವು, ಇಲ್ಲದಿದ್ದರೆ ಒಂದೇ ಹೆಸರಿನ ಎರಡು ಸರ್ವರ್ ಜಗಳಕ್ಕೆ ಬೀಳುತ್ತವೆ. ವಿಂಡೋಸ್ ಬಂತು. ಎಸ್‌ಕ್ಯುಎಲ್ ಸರ್ವರ್ ಬಂತು. ಡೇಟಾಬೇಸ್‌ನ ಹೆಸರಿನ ಪಕ್ಕ 'ರಿಕವರಿ ಪೆಂಡಿಂಗ್', ಅಂದರೆ ಅದು ತೆರೆದಿರಲಿಲ್ಲ.

ಇ ಡ್ರೈವ್ ಇರಲೇ ಇಲ್ಲ.

ಬ್ಯಾಕಪ್ ಜಾಬ್‌ನ ಸೆಟ್ಟಿಂಗ್ ತೆರೆದೆವು. ಆ ವಿಎಂನ ಮೂರನೇ ಡಿಸ್ಕ್ ಅನ್ನು ಬ್ಯಾಕಪ್‌ನಿಂದ ಹೊರಗಿಟ್ಟಿದ್ದರು. ಐದು ತಿಂಗಳಿಂದ ಹಾಗೇ ಇತ್ತು. ಅಡ್ಮಿನ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೇ ಮಾಡಿದ್ದು" ಅಂದರು.

ಆಗಿದ್ದು ಹೀಗೆ. ಇ ಡ್ರೈವ್ ದಿನೇ ದಿನೇ ಬೆಳೆಯುತ್ತಿತ್ತು. ಲಾಗ್‌ಗೆ ಬರೆಯುವುದು ಜಾಸ್ತಿ, ಆದ್ದರಿಂದ ಪ್ರತಿ ರಾತ್ರಿ ಬದಲಾದ ಭಾಗವೂ ಜಾಸ್ತಿ. ಬ್ಯಾಕಪ್ ಬೆಳಗ್ಗೆ ಎಂಟು ದಾಟಿದರೂ ಮುಗಿಯದೆ ಎಲ್ಲರ ಕೆಲಸ ನಿಧಾನವಾಗುತ್ತಿತ್ತು. ಲಾಗ್ ತಾನೇ, ಡೇಟಾ ಅಲ್ವಲ್ಲ ಅಂದುಕೊಂಡು ಅವರು ಆ ಡಿಸ್ಕ್ ಅನ್ನು ತಾತ್ಕಾಲಿಕವಾಗಿ ಬಿಟ್ಟರು. ಮರುದಿನದಿಂದ ಬ್ಯಾಕಪ್ ಬೇಗ ಮುಗಿಯಿತು, ದೂರು ನಿಂತಿತು. ಸಮಸ್ಯೆ ಹೋದ ಮೇಲೆ 'ತಾತ್ಕಾಲಿಕ' ಯಾರಿಗೆ ನೆನಪಿರುತ್ತದೆ?

ಆದರೆ ಡೇಟಾಬೇಸ್‌ಗೆ ಲಾಗ್ ಅಂದರೆ ಬರೀ ಏನೇನಾಯಿತು ಎಂಬ ಪಟ್ಟಿ ಅಲ್ಲ. ಅರ್ಧಕ್ಕೆ ನಿಂತ ವ್ಯವಹಾರಗಳನ್ನು ಮುಗಿಸುವುದೋ ರದ್ದು ಮಾಡುವುದೋ ಎಂಬುದನ್ನು ಎಸ್‌ಕ್ಯುಎಲ್ ಸರ್ವರ್ ಅದನ್ನು ಓದಿಯೇ ನಿರ್ಧರಿಸುತ್ತದೆ. ಓಡುತ್ತಿದ್ದ ಡೇಟಾಬೇಸ್‌ನ ಡೇಟಾ ಫೈಲ್ ಒಂದನ್ನೇ ಕೊಟ್ಟರೆ ಅದು ತೆರೆಯುವುದಿಲ್ಲ. ಬಲವಂತವಾಗಿ ತೆರೆಯುವ ದಾರಿಗಳಿವೆ. ಹಾಗೆ ತೆರೆದ ಲೆಕ್ಕಪತ್ರವನ್ನು ನಂಬುವುದು ಹೇಗೆ?

ಬ್ಯಾಕಪ್ ಸಾಫ್ಟ್‌ವೇರ್‌ನದೇನೂ ತಪ್ಪಿಲ್ಲ. ಬಿಡು ಅಂದದ್ದನ್ನು ಬಿಟ್ಟಿತು, ಹೇಳಿದ್ದನ್ನೆಲ್ಲ ಮಾಡಿದೆ ಅಂತ ಹಸಿರು ಟಿಕ್ ಕೊಟ್ಟಿತು. ನಾನು ಆರು ವಾರ ಹಿಂದೆ ನೋಡಿದ್ದು ಆ ಟಿಕ್ ಅನ್ನೇ. ಜಾಬ್ ಒಳಗೆ ಏನಿದೆ, ಏನು ಇಲ್ಲ ಅಂತ ತೆರೆದು ನೋಡಲು ಐದು ನಿಮಿಷ ಸಾಕಿತ್ತು.

ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಲಾಗ್ 380 ಜಿಬಿ ಆಗಿದ್ದಾದರೂ ಯಾಕೆ? ಉತ್ತರ ಮತ್ತೆ ಆ ಅಪ್‌ಗ್ರೇಡ್‌ಗೇ ಹೋಯಿತು. ಅಂದು ಹೊಸ ಡೇಟಾಬೇಸ್ ಸೃಷ್ಟಿಯಾಗಿತ್ತು. ಯಾರೂ ಬದಲಿಸದಿದ್ದರೆ ಹೊಸ ಡೇಟಾಬೇಸ್ 'ಫುಲ್ ರಿಕವರಿ' ಕ್ರಮದಲ್ಲೇ ಹುಟ್ಟುತ್ತದೆ. ಆ ಕ್ರಮದಲ್ಲಿ ಲಾಗ್‌ಗೇ ಪ್ರತ್ಯೇಕ ಬ್ಯಾಕಪ್ ಆಗುವವರೆಗೆ ಲಾಗ್ ಖಾಲಿಯಾಗುವುದಿಲ್ಲ. ಹಳೆ ಡೇಟಾಬೇಸ್ 'ಸಿಂಪಲ್' ಕ್ರಮದಲ್ಲಿತ್ತು, ಹಾಗಾಗಿ ಅಲ್ಲಿ ಲಾಗ್ ಬ್ಯಾಕಪ್ ಎಂಬ ಮಾತೇ ಇರಲಿಲ್ಲ. ಹೊಸದಕ್ಕೂ ಯಾರೂ ಇಡಲಿಲ್ಲ. ಲಾಗ್ ಬೆಳೆಯಿತು. ಲಾಗ್ ಬೆಳೆದಂತೆ ಡೆಲ್ಟಾ ಬೆಳೆಯಿತು, ಬ್ಯಾಕಪ್ ನಿಧಾನವಾಯಿತು. ಬ್ಯಾಕಪ್ ನಿಧಾನವಾಯಿತು ಅಂತ ಡಿಸ್ಕ್ ಹೊರಗೆ ಹೋಯಿತು. ಡೆಲ್ಟಾ ಬೆಳೆದು ಸ್ಟೋರೇಜ್ ತುಂಬಿತು. ನಾವು ಎರಡು ಬೇರೆ ಬೇರೆ ತೊಂದರೆ ಅಂದುಕೊಂಡಿದ್ದವು ಒಂದೇ ಬೇರಿನಿಂದ ಬಂದಿದ್ದವು.

ಸ್ಟೋರೇಜ್ ತುಂಬುತ್ತಿದೆ ಎಂಬ ಎಚ್ಚರಿಕೆ ಬಂದಿರಲಿಲ್ಲವೇ? ಬಂದಿತ್ತು. 75 ಪ್ರತಿಶತಕ್ಕೆ ಹಳದಿ, 85ಕ್ಕೆ ಕೆಂಪು. ಎರಡೂ ಮೇಲ್ ವರ್ಷದ ಹಿಂದೆ ಕೆಲಸ ಬಿಟ್ಟವರೊಬ್ಬರ ಇನ್‌ಬಾಕ್ಸ್‌ಗೆ ಹೋಗಿದ್ದವು.

ರಾತ್ರಿ

ಈಗ ಚಿತ್ರ ಬದಲಾಯಿತು. ಏಳು ತಿಂಗಳ ಡೇಟಾ ಇರುವುದು ಒಂದೇ ಕಡೆ, ತುಂಬಿ ತುಳುಕುವ ಡೇಟಾಸ್ಟೋರ್ ಮೇಲಿನ ಡೆಲ್ಟಾ ಫೈಲ್‌ಗಳಲ್ಲಿ. ಅದನ್ನೇ ನಾವು ಬೆರೆಸಲು ಹೊರಟಿದ್ದೆವು. ಇನ್ನೊಂದು ಪ್ರತಿ ಕೈಯಲ್ಲಿಲ್ಲದೆ ಡಿಲೀಟ್ ಒತ್ತುವುದಿಲ್ಲ ಅಂತ ಮ್ಯಾನೇಜರ್‌ಗೆ ಹೇಳಿದೆ. "ಆರು ಗಂಟೆ" ಅಂತ ಅವರು ಮತ್ತೆ ನೆನಪಿಸಿದರು.

ಇಡೀ ವಿಎಂ ನಕಲು ಮಾಡಲು ಹೊತ್ತಿರಲಿಲ್ಲ. ಡೇಟಾಬೇಸ್ ಓಡುತ್ತಲೇ ಇತ್ತು, ಆದ್ದರಿಂದ ಎಸ್‌ಕ್ಯುಎಲ್ ಸರ್ವರ್‌ನದೇ ಬ್ಯಾಕಪ್ ತೆಗೆಯುವುದು ಅಂತಾಯಿತು. ಅಪ್ಲಿಕೇಶನ್ ಸೇವೆಗಳನ್ನು ನಿಲ್ಲಿಸಿ 9 ಗಂಟೆಗೆ ಕಂಪ್ರೆಸ್ ಮಾಡಿದ ಫುಲ್ ಬ್ಯಾಕಪ್ ಶುರು ಮಾಡಿದೆವು, ಸೀದಾ ನ್ಯಾಸ್‌ಗೆ. 10:20ಕ್ಕೆ ಮುಗಿಯಿತು. ಸುಮಾರು 190 ಜಿಬಿ.

ಒಮ್ಮೆ ಸುಟ್ಟುಕೊಂಡಿದ್ದೆವಲ್ಲ, ಇದನ್ನೂ ಏಳಿಸಿ ನೋಡದೆ ಬಿಡಲಿಲ್ಲ. ಅರೆಬರೆ ರಿಸ್ಟೋರ್ ಆಗಿದ್ದ ವಿಎಂ ಈಗ ಕೆಲಸಕ್ಕೆ ಬಂತು. ಅದರಲ್ಲಿ ಎಸ್‌ಕ್ಯುಎಲ್ ಸರ್ವರ್ ಹೇಗೂ ಇದೆ. ಖಾಲಿ ಇ ಡ್ರೈವ್ ಕೊಟ್ಟು, ನ್ಯಾಸ್ ಮಾತ್ರ ಕಾಣುವ ಪ್ರತ್ಯೇಕ ನೆಟ್‌ವರ್ಕ್‌ಗೆ ಸೇರಿಸಿ, ಹೊಸ ಬ್ಯಾಕಪ್ ಅನ್ನು ಅಲ್ಲಿ ರಿಸ್ಟೋರ್ ಮಾಡಲು ಕೊಟ್ಟೆವು.

ಒಂದು ಗಂಟೆ ಕಳೆದರೂ ಸೊನ್ನೆ ಪ್ರತಿಶತ. ಅಡ್ಮಿನ್ ಮುಖದಲ್ಲಿ ರಕ್ತ ಇರಲಿಲ್ಲ. ಹ್ಯಾಂಗ್ ಆಗಿರಲಿಲ್ಲ ಅದು. ರಿಸ್ಟೋರ್ ಮಾಡುವಾಗ ಲಾಗ್ ಫೈಲ್ ಹಳೆಯ ಗಾತ್ರದಲ್ಲೇ ಸೃಷ್ಟಿಯಾಗುತ್ತದೆ, ಒಳಗೆ ಉಪಯೋಗಕ್ಕೆ ಬರುವುದು ಎಷ್ಟೇ ಇರಲಿ. ಸೃಷ್ಟಿಸುವಾಗ ಪೂರ್ತಿ ಸೊನ್ನೆ ತುಂಬಿಸುತ್ತದೆ. 380 ಜಿಬಿ ಸೊನ್ನೆ ಬರೆಯುವವರೆಗೆ ಪ್ರತಿಶತ ಕದಲುವುದಿಲ್ಲ. ಸಂಸ್ಥೆಗೆ ಇದರ ಅರ್ಥ ಏನೆಂದರೆ, ಲಾಗ್ ಊದಿಕೊಂಡಿದ್ದರಿಂದ ನಿಜವಾದ ಅನಾಹುತದ ದಿನವೂ ಇಷ್ಟು ಹೊತ್ತು ಸುಮ್ಮನೆ ಹೋಗುತ್ತಿತ್ತು.

12:40ಕ್ಕೆ ಡೇಟಾಬೇಸ್ ಎದ್ದಿತು. ಅದರ ಒಳಗಿನ ಪರೀಕ್ಷೆ ಓಡಿಸಿದೆವು. ಲೆಕ್ಕಪತ್ರ ವಿಭಾಗದವರೊಬ್ಬರನ್ನು ಫೋನಿನಲ್ಲಿ ಎಬ್ಬಿಸಿ, ಅವತ್ತಿನ ಕೊನೆಯ ಬಿಲ್ ಸಂಖ್ಯೆ ಕೇಳಿ, ಇದೆ ಅಂತ ಖಾತ್ರಿ ಮಾಡಿಕೊಂಡೆವು. ಆಮೇಲೆ ಮೂಲ ವಿಎಂ ಅನ್ನು ನೀಟಾಗಿ ಶಟ್‌ಡೌನ್ ಮಾಡಿದೆವು. ಓಡುತ್ತಿದ್ದರೆ ಬೆರೆಸುವಾಗಲೂ ಹೊಸ ಬರವಣಿಗೆ ಬರುತ್ತಲೇ ಇರುತ್ತದೆ, ಆಫ್ ಇದ್ದರೆ ಆ ಕಾಟ ಇಲ್ಲ. 1:45ಕ್ಕೆ ಡಿಲೀಟ್ ಒತ್ತಿದವರು ಅಡ್ಮಿನ್. ಅವರೇ ಒತ್ತಲಿ ಅಂತ ನಾನು ಹೇಳಿದ್ದೆ.

ಎರಡೂವರೆಗೆ 99 ಪ್ರತಿಶತ. ಮೂರಕ್ಕೂ 99. ನಾಲ್ಕಕ್ಕೂ 99. "ಸರ್, ಹೋಸ್ಟ್ ರೀಸ್ಟಾರ್ಟ್ ಮಾಡೋಣ್ವಾ?" ಈ ರಾತ್ರಿಯ ಎರಡನೇ ಅಪಾಯದ ಕ್ಷಣ ಇದು. ಸ್ನ್ಯಾಪ್‌ಶಾಟ್ ಬೆರೆಯುವಾಗ ಆ ಅಂಕಿಯನ್ನು ನಂಬಬಾರದು. ನಾವು ಹೋಸ್ಟ್‌ನಲ್ಲಿ ಡಿಸ್ಕ್‌ನ ಓದು-ಬರಹ ನೋಡಿದೆವು. ಸೆಕೆಂಡಿಗೆ ಎಷ್ಟೋ ಎಂಬಿ ಹರಿಯುತ್ತಿತ್ತು, ಇ ಡ್ರೈವ್‌ನ ಮೂಲ ಫೈಲ್ ಬೆಳೆಯುತ್ತಿತ್ತು. ಕೆಲಸ ನಡೆಯುತ್ತಿದೆ, ಕೈ ಕಟ್ಟಿ ಕೂರಬೇಕು ಅಷ್ಟೇ. ಆ ಒಂದು ಗಂಟೆ ಕೂತಿದ್ದು ಇಡೀ ರಾತ್ರಿಯಲ್ಲಿ ಕಷ್ಟದ ಕೆಲಸ.

5:10ಕ್ಕೆ ಮುಗಿಯಿತು. 5:30ಕ್ಕೆ ಆರ್ಡರ್ ಪರದೆ ಬಂತು. ಕಾಗದದ ಮೇಲಿದ್ದ ಆರ್ಡರ್‌ಗಳನ್ನು ಇಬ್ಬರು ಕೂತು ಹಾಕಿದರು. ಲಾರಿಗಳು ಮುಕ್ಕಾಲು ಗಂಟೆ ತಡವಾಗಿ ಹೊರಟವು.

ಆಮೇಲೆ

ಮರುವಾರ ಕೂತು ಮಾತಾಡಿದಾಗ, ಅಡ್ಮಿನ್ ತಪ್ಪು ಅಂತ ಮುಗಿಸಿಬಿಡುವ ಮನಸ್ಸು ಕೆಲವರಿಗಿತ್ತು. ನಾನು ಒಪ್ಪಲಿಲ್ಲ. ಸ್ನ್ಯಾಪ್‌ಶಾಟ್ ತೆಗೆದದ್ದೂ, ಡಿಸ್ಕ್ ಬಿಟ್ಟದ್ದೂ ಆಯಾ ದಿನಕ್ಕೆ ಸರಿಯಾಗಿ ಕಂಡ ಕೆಲಸಗಳು. ಎರಡಕ್ಕೂ ಇಲ್ಲದೆ ಇದ್ದದ್ದು ಮುಗಿಯುವ ದಿನ ಮತ್ತು ಮುಗಿಸುವವರ ಹೆಸರು. ಹಾಗಾಗಿ ಈಗ ಸ್ನ್ಯಾಪ್‌ಶಾಟ್‌ನ ಹೆಸರಿನಲ್ಲೇ ತೆಗೆದವರ ಹೆಸರೂ ಅಳಿಸುವ ತಾರೀಖೂ ಇರಬೇಕು. 72 ಗಂಟೆ ದಾಟಿದ್ದರ ಪಟ್ಟಿ ಪ್ರತಿ ಬೆಳಗ್ಗೆ ಬರುತ್ತದೆ. ಅದಕ್ಕಿಂತ ಹೆಚ್ಚು ಇಡಬೇಡಿ ಎಂಬುದು ವಿಎಂವೇರ್‌ನದೇ ಸಲಹೆ, ನಾವು ಹುಟ್ಟಿಸಿದ್ದಲ್ಲ. ಬ್ಯಾಕಪ್‌ನಿಂದ ಹೊರಗಿಟ್ಟ ಡಿಸ್ಕ್‌ಗಳ ಪಟ್ಟಿಯೂ ಅದೇ ಮೇಲ್‌ನಲ್ಲಿ ಬರುತ್ತದೆ. ಮೇಲ್ ಹೋಗುವುದು ಒಬ್ಬರಿಗಲ್ಲ, ಮೂವರಿಗೆ.

ಲಾಗ್ ಬ್ಯಾಕಪ್ 15 ನಿಮಿಷಕ್ಕೊಮ್ಮೆ ಅಂತಾಯಿತು. ಆ ಅಂಕಿಗೆ ಬರಲು ಅರ್ಧ ದಿನ ಹಿಡಿಯಿತು. ಎಷ್ಟು ಹೊತ್ತಿನ ಡೇಟಾ ಹೋದರೆ ತಡೆದುಕೊಳ್ಳಬಹುದು ಅಂತ ಕೇಳಿದರೆ ಎಲ್ಲರೂ ಮೊದಲು ಹೇಳುವುದು "ಒಂದು ನಿಮಿಷವೂ ಇಲ್ಲ" ಅಂತಲೇ. ಇಷ್ಟು ದಿನ ಇದ್ದದ್ದು ರಾತ್ರಿಗೊಂದು ಬ್ಯಾಕಪ್, ಅದೂ ಅರ್ಧ ಅಂತ ನೆನಪಿಸಿದ ಮೇಲೆ ಮಾತು ನೆಲಕ್ಕಿಳಿಯಿತು. ಲಾಗ್ ಫೈಲ್ ಈಗ 20 ಜಿಬಿ, ರಾತ್ರಿಯ ಬ್ಯಾಕಪ್ ಇ ಡ್ರೈವ್ ಸೇರಿಯೂ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ.

ಬ್ಯಾಕಪ್ ಸರ್ವರ್ ಈಗ ಪ್ರತ್ಯೇಕ ಯಂತ್ರ. ಕಂಪನಿಯ ಡೊಮೇನ್‌ಗೂ (ಎಲ್ಲರ ಲಾಗಿನ್ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಸೇರಿಲ್ಲ, ಪಾಸ್‌ವರ್ಡ್ ಬೇರೆ. ಇಷ್ಟೆಲ್ಲ ಬೇಕಾ ಅಂತ ಮ್ಯಾನೇಜರ್ ಕೇಳಿದಾಗ 2023ರ ಫೆಬ್ರುವರಿಯ ಇಎಸ್‌ಎಕ್ಸ್‌ಐಆರ್ಗ್ಸ್ ದಾಳಿಯ ಕಥೆ ಹೇಳಿದೆ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಅದು. ವಿಎಂವೇರ್ ಹೋಸ್ಟ್‌ಗೇ ನುಗ್ಗಿ ವಿಎಂ ಫೈಲ್‌ಗಳನ್ನು ಎನ್‌ಕ್ರಿಪ್ಟ್ ಮಾಡುತ್ತಿತ್ತು. ಬ್ಯಾಕಪ್ ಸರ್ವರ್ ಅದೇ ಹೋಸ್ಟ್‌ನ ವಿಎಂ ಆಗಿದ್ದರೆ ಅದೂ ಜೊತೆಗೇ ಹೋದಂತೆ. ಡೇಟಾಸ್ಟೋರ್‌ನಲ್ಲಿ 100 ಜಿಬಿಯ ಒಂದು ಕೆಲಸಕ್ಕೆ ಬಾರದ ಫೈಲ್ ಕೂಡ ಇಟ್ಟಿದ್ದೇವೆ. ಮತ್ತೆ ತುಂಬಿದರೆ ಅಳಿಸಲು. ನೋಡಿ ನಗುವವರಿದ್ದಾರೆ, ನಗಲಿ.

ಇನ್ನು ಪ್ರತಿ ಗುರುವಾರ ಒಂದು ವಿಎಂ ಅನ್ನು ನೆಟ್‌ವರ್ಕ್ ಇಲ್ಲದೆ ರಿಸ್ಟೋರ್ ಮಾಡಿ, ಒಳಗೆ ಲಾಗಿನ್ ಆಗಿ, ಅದರ ಕೆಲಸವನ್ನೇ ಮಾಡಿಸಿ ನೋಡುತ್ತಾರೆ. ನನ್ನ ವರದಿಯಲ್ಲೂ ಹಸಿರು ಟಿಕ್‌ನ ಕಾಲಂ ಹೋಗಿ 'ಕೊನೆಯ ಬಾರಿ ಏಳಿಸಿ ನೋಡಿದ ದಿನ' ಎಂಬ ಕಾಲಂ ಬಂದಿದೆ. ಮೊದಲ ಮೂರು ಗುರುವಾರ ಎಲ್ಲ ಸರಿ ಇತ್ತು. ನಾಲ್ಕನೆಯದಕ್ಕೆ ಪ್ರಿಂಟ್ ಸರ್ವರ್ ಏಳಲಿಲ್ಲ. ಅಡ್ಮಿನ್ ಫೋನ್ ಮಾಡಿ ಹೇಳಿದರು, ಈ ಸಲ ಧ್ವನಿಯಲ್ಲಿ ಗಾಬರಿ ಇರಲಿಲ್ಲ. ಕಾರಣ ಇನ್ನೂ ಹುಡುಕುತ್ತಿದ್ದಾರೆ. ಅಲ್ಲಿಯವರೆಗೆ ಆ ಸಾಲಿನ ಮುಂದೆ ತಾರೀಖು ಖಾಲಿ ಇದೆ.